ಬೆಳ್ಳಿ ತೂಕಕ್ಕೆ ಹೊರಟಿದ್ದ ಮುಖಗಳು

ತುಮಕೂರು: ಊರಿನ ಕಾಲುಭಾಗ ಜನರ ಮುಖ ಎರಡು ತಗಡಿನ ಟ್ರಂಕಿನಲ್ಲಿದೆ ಅಂದರೆ ಯಾರಾದರೂ ನಂಬುತ್ತಾರೆಯೇ? ನಂಬಲೇಬೇಕು. ಮಂಡಿಪೇಟೆ ಕಡೆಯ ಹಳೇ ಸ್ಟುಡಿಯೋ ಒಂದರ ಅಟ್ಟದ ಮೇಲೆ ಆ ಟ್ರಂಕುಗಳಿವೆ. ಒಳಗಿರುವುದು ನಲವತ್ತು ವರ್ಷದ ನೆಗೆಟಿವ್‌ಗಳು. ಮದುವೆಗೆ ಮುಂಚೆ ತೆಗೆಸಿದ ಹೆಣ್ಣು ತೋರಿಸುವ ಫೋಟೋ, ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಫೋಟೋ, ಬಸ್ ಪಾಸ್ ಫೋಟೋ, ಮಗುವಿನ ನಾಮಕರಣ, ಅಜ್ಜನ ಕಡೇ ಫೋಟೋ... ಎಲ್ಲವೂ ಅಲ್ಲೇ.

2023ರ ಮಾರ್ಚಿಯಲ್ಲಿ ಈ ಎರಡೂ ಟ್ರಂಕು ಕೆ.ಜಿ. ಲೆಕ್ಕದಲ್ಲಿ ಮಾರಾಟವಾಗಿ ಹೋಗುವುದರಲ್ಲಿತ್ತು. ಹೋಗಲಿಲ್ಲ. ಯಾಕೆ ಹೋಗಲಿಲ್ಲ ಅನ್ನುವುದೇ ಈ ಪ್ರಸಂಗ.

ಸ್ಟುಡಿಯೋದ ಯಜಮಾನರನ್ನು ಪೇಟೆಯಲ್ಲಿ ಎಲ್ಲರೂ ಕರೆಯುವುದು 'ಮೇಷ್ಟ್ರು' ಅಂತ. ಶಾಲೆಯಲ್ಲಿ ಪಾಠ ಹೇಳಿದವರಲ್ಲ. ಊರಿನ ಹತ್ತಾರು ಹುಡುಗರಿಗೆ ಕ್ಯಾಮರಾ ಹಿಡಿಯುವುದನ್ನು, ನೆಗೆಟಿವ್ ಮೇಲೆ ಪೆನ್ಸಿಲ್ ಟಚಿಂಗ್ ಮಾಡುವುದನ್ನು ಕಲಿಸಿದವರು. ಈಗ ವಯಸ್ಸಾಗಿದೆ. ಮೊಬೈಲ್ ಬಂದ ಮೇಲೆ ಸ್ಟುಡಿಯೋಗೆ ಬರುವವರು ಕಡಿಮೆ. ಆಧಾರ್ ಕಾರ್ಡಿಗೆ ಲ್ಯಾಮಿನೇಷನ್, ಎರಡು ಜೆರಾಕ್ಸು, ಒಂದು ಪಾಸ್‌ಪೋರ್ಟ್ ಸೈಜು. ದಿನದ ವ್ಯಾಪಾರ ಅಷ್ಟೇ. "ಅಟ್ಟ ಖಾಲಿ ಮಾಡಿ, ಗೋಡೌನಿಗಾದರೂ ಬಾಡಿಗೆಗೆ ಕೊಡೋಣ" ಎಂದು ಮನೆಯವರ ಒತ್ತಾಯ.

ಕಪ್ಪು ಬಿಳುಪು ನೆಗೆಟಿವ್‌ನಲ್ಲಿ ಬೆಳ್ಳಿ ಇರುತ್ತದೆ. ಇದು ಫೋಟೋ ಕಸುಬಿನವರಿಗೆಲ್ಲ ಗೊತ್ತಿರುವ ಮಾತು. ಫಿಲ್ಮಿನ ಮೇಲೆ ಬಳಿದಿರುವುದೇ ಬೆಳ್ಳಿಯ ಲವಣ. ಬೆಳಕು ಬಿದ್ದ ಕಡೆ ಡೆವಲಪರ್‌ನಲ್ಲಿ ಅದು ಕಪ್ಪು ಬೆಳ್ಳಿಯಾಗಿ ಉಳಿಯುತ್ತದೆ, ಬೆಳಕು ಬೀಳದ ಕಡೆಯದನ್ನು ಹೈಪೋ ತೊಳೆದುಹಾಕುತ್ತದೆ. ಹಾಗೆ ಉಳಿದ ಬೆಳ್ಳಿಯೇ ನಮ್ಮ ನಿಮ್ಮ ಮೂಗು, ಬಾಯಿ, ಮೀಸೆ. ಕಲರ್ ನೆಗೆಟಿವ್‌ನಲ್ಲಿ ಆ ಬೆಳ್ಳಿ ಉಳಿಯುವುದಿಲ್ಲ, ಬಣ್ಣ ಮಾತ್ರ ಉಳಿಯುತ್ತದೆ. ಆದ್ದರಿಂದ ಗುಜರಿಯವರು ಕೇಳುವುದು ಕಪ್ಪು ಬಿಳುಪನ್ನೇ.

ಮೇಷ್ಟ್ರು ಒಂದು ಕೈಚೀಲದಲ್ಲಿ ಸ್ಯಾಂಪಲ್ ಕಟ್ಟಿಕೊಂಡರು. ಪಕ್ಕದ ಬಟ್ಟೆ ಅಂಗಡಿ ಶೆಟ್ಟರು ಯುಗಾದಿ ಸ್ಟಾಕಿಗೆಂದು ಬೆಂಗಳೂರಿಗೆ ಹೊರಟಿದ್ದರು. ಇಬ್ಬರೂ ಬೆಳಗಿನ ಬಸ್ ಹತ್ತಿದರು.

ನಗರ್ತಪೇಟೆಯಲ್ಲಿ ರೇಟು

ಚಿಕ್ಕಪೇಟೆಯಲ್ಲಿ ಶೆಟ್ಟರ ಕೆಲಸ ಮುಗಿಯಿತು. ನಗರ್ತಪೇಟೆಯ ಸಂದಿಯೊಂದರಲ್ಲಿ ಬೆಳ್ಳಿ ಕರಗಿಸುವವರ ಬಳಿ ಮೇಷ್ಟ್ರ ಕೆಲಸವೂ ಆಯಿತು. ಆ ಮನುಷ್ಯ ನೆಗೆಟಿವ್ ಒಂದನ್ನು ಬೆಳಕಿಗೆ ಹಿಡಿದ. ಅದರಲ್ಲಿ ಯಾರಿದ್ದಾರೆ ಅಂತ ನೋಡಲಿಕ್ಕಲ್ಲ, ಎಷ್ಟು ಕಪ್ಪಗಿದೆ ಅಂತ ನೋಡಲಿಕ್ಕೆ.

"ಎಲ್ಲಾ ಒಂದೇ ಸಲ ತಗೊಂಡ್ಬನ್ನಿ ಯಜಮಾನ್ರೇ, ತೂಕ ಹಾಕಿ ಹೇಳ್ತೀನಿ. ಕವರ್, ಪೇಪರ್ ಎಲ್ಲ ತೆಗೆದು ತನ್ನಿ."

ಕವರ್ ತೆಗೆಯುವುದು ಅಂದರೆ ಹೆಸರು ತೆಗೆಯುವುದು. ಮೇಷ್ಟ್ರ ಕವರಿನ ಮೇಲೆ ನಂಬರು, ಹೆಸರು, ತಾರೀಖು ಎಲ್ಲ ಬರೆದಿರುತ್ತದೆ. ಅವರು ತಲೆಯಾಡಿಸಿ ಹೊರಬಂದರು.

ಅಷ್ಟರಲ್ಲಿ ಶೆಟ್ಟರ ಮಗಳ ಫೋನು. ಹುಡುಗಿ ಬೆಂಗಳೂರಿನ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಅಮ್ಮ ಕಳಿಸಿದ ಚಕ್ಕುಲಿ ಡಬ್ಬಿ ಅಪ್ಪನ ಕೈಯಲ್ಲಿದೆ.

"ಅಪ್ಪಾ, ನಾನು ಕಸ್ತೂರಬಾ ರೋಡಲ್ಲಿದ್ದೀನಿ. ಫೋಟೋ ಎಕ್ಸಿಬಿಷನ್ ನೋಡೋಕೆ ಬಂದಿದ್ದೀನಿ. ಇಲ್ಲಿಗೇ ಬಂದುಬಿಡಿ. ಸ್ಟುಡಿಯೋ ಮಾಮನ್ನೂ ಕರ್ಕೊಂಡ್ಬನ್ನಿ."

"ಎಕ್ಸಿಬಿಷನ್ ಅಂದ್ರೆ ಹಪ್ಪಳ ಗಿಪ್ಪಳ ಇರುತ್ತಾ?" ಎಂದು ಶೆಟ್ಟರು ತಮಾಷೆ ಮಾಡಿದರು. ಮೆಜೆಸ್ಟಿಕ್‌ಗೆ ವಾಪಸ್ಸು ಬಂದು ಮೆಟ್ರೋ ಹತ್ತಿ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿದದ್ದಾಯಿತು. ಚಿನ್ನಸ್ವಾಮಿ ಸ್ಟೇಡಿಯಂ ಕಡೆಯಿಂದ ಕಾಲ್ನಡಿಗೆ.

ಕಸ್ತೂರಬಾ ರಸ್ತೆ ತುಮಕೂರಿನವರಿಗೆ ಹೊಸದೇನಲ್ಲ. ಕೆಂಪು ಬಣ್ಣದ ಸರ್ಕಾರಿ ಮ್ಯೂಸಿಯಂ, ವಿಶ್ವೇಶ್ವರಯ್ಯ ಮ್ಯೂಸಿಯಂ, ವೆಂಕಟಪ್ಪ ಆರ್ಟ್ ಗ್ಯಾಲರಿ... ಎಲ್ಲವನ್ನೂ ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ. ಇಳಿದು ಒಳಗೆ ಹೋದವರೆಷ್ಟು ಅಂತ ಕೇಳಬಾರದು. "ಅವೆಲ್ಲ ದೊಡ್ಡೋರ ಜಾಗ, ನಮಗ್ಯಾಕೆ" ಅನ್ನುವ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ.

ನೀರಿನ ಟ್ಯಾಂಕಿನೊಳಗೆ

ಹುಡುಗಿ ನಿಂತಿದ್ದ ಕಟ್ಟಡದ ಹೆಸರು ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಜನ ಚಿಕ್ಕದಾಗಿ 'ಮ್ಯಾಪ್' ಅನ್ನುತ್ತಾರೆ. ಉದ್ಯಮಿ ಅಭಿಷೇಕ್ ಪೋದ್ದಾರ್ ಸ್ಥಾಪಿಸಿದ ಈ ಸಂಗ್ರಹಾಲಯ ಸಾರ್ವಜನಿಕರಿಗೆ ಬಾಗಿಲು ತೆರೆದದ್ದು 2023ರ ಫೆಬ್ರವರಿ 18ರಂದು. ಇವರು ಹೋದಾಗ ಇನ್ನೂ ಒಂದು ತಿಂಗಳೂ ಆಗಿರಲಿಲ್ಲ. ಹೊರಗೆಲ್ಲ ಸ್ಟೀಲಿನ ಹಲಗೆ ಹೊದಿಸಿದ ಕಟ್ಟಡ.

"ಇದೇನ್ರೀ ಮೇಷ್ಟ್ರೇ, ನೀರಿನ ಟ್ಯಾಂಕ್ ಇದ್ದಂಗಿದೆ!" ಎಂದರು ಶೆಟ್ಟರು.

ಶೆಟ್ಟರ ಕಣ್ಣು ತಪ್ಪಿಲ್ಲ. ಈ ಕಟ್ಟಡದ ವಿನ್ಯಾಸ ಮಾಡಿದ ಬೆಂಗಳೂರಿನ ಮ್ಯಾಥ್ಯೂ ಅಂಡ್ ಘೋಷ್ ಸಂಸ್ಥೆಯವರಿಗೆ ಹೊಳೆದದ್ದೂ ಸ್ಟೀಲಿನ ನೀರಿನ ತೊಟ್ಟಿಯೇ. ತೊಟ್ಟಿಯಲ್ಲಿ ನೀರು ಕೂಡಿಟ್ಟ ಹಾಗೆ ಇಲ್ಲಿ ಚಿತ್ರಗಳನ್ನು ಕೂಡಿಡುವುದು!

ಟಿಕೆಟ್ ದುಡ್ಡು ಹುಡುಗಿಯೇ ಕೊಟ್ಟಳು. ಚಕ್ಕುಲಿ ಡಬ್ಬಿ, ಬಟ್ಟೆ ಸ್ಯಾಂಪಲ್ಲಿನ ಚೀಲ ಕೆಳಗೇ ಉಳಿದವು. ಮೇಷ್ಟ್ರು ಮಾತ್ರ ನೆಗೆಟಿವ್ ಕವರುಗಳನ್ನು ಶರ್ಟಿನ ಜೇಬಿಗೆ ಸೇರಿಸಿಕೊಂಡೇ ಮೇಲೆ ಹೋದರು.

ಮೇಲೆ ನಡೆಯುತ್ತಿದ್ದದ್ದು ಜ್ಯೋತಿ ಭಟ್ ಅವರ ಫೋಟೋ ಪ್ರದರ್ಶನ. ಹೆಸರು ಕೇಳಿ ಹೆಂಗಸೆಂದು ತಿಳಿಯಬೇಡಿ, ಗಂಡಸು. ಹುಟ್ಟಿದ್ದು 1934ರಲ್ಲಿ, ಗುಜರಾತಿನ ಭಾವನಗರದಲ್ಲಿ. ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಕಲಾ ಶಾಲೆಯಲ್ಲಿ ಕಲಿತು ಅಲ್ಲೇ ಮೇಷ್ಟ್ರಾಗಿದ್ದವರು. ಮೂಲತಃ ಪೇಂಟರ್, ಪ್ರಿಂಟ್‌ಮೇಕರ್. 1967ರಲ್ಲಿ ಒಂದು ವಿಚಾರ ಸಂಕಿರಣಕ್ಕಾಗಿ ಗುಜರಾತಿನ ಹಳ್ಳಿಗಳ ಕಲೆಯ ಫೋಟೋ ತೆಗೆಯಲು ಹೊರಟರು. ಆ ಕೆಲಸ ಆಮೇಲೆ ಬಿಡಲೇ ಇಲ್ಲ. ರಾಜಸ್ಥಾನ, ಒಡಿಶಾ, ಬಂಗಾಳ ಅಂತ ವರ್ಷಗಟ್ಟಲೆ ಸುತ್ತಿದರು. 2019ರಲ್ಲಿ ಪದ್ಮಶ್ರೀ ಬಂತು.

ಅವರು ತೆಗೆದದ್ದು ಏನನ್ನು? ರಾಜ ಮಹಾರಾಜರನ್ನಲ್ಲ. ಹೆಂಗಸರು ಮನೆ ಮುಂದೆ ಬಿಡಿಸುವ ರಂಗೋಲಿಯನ್ನು! ಮಣ್ಣಿನ ಗೋಡೆಗೆ ಬಿಳಿ ಸುಣ್ಣದಲ್ಲಿ ಬರೆದ ನವಿಲನ್ನು, ಹುಲಿಯನ್ನು. ಮೈಮೇಲಿನ ಹಚ್ಚೆಯನ್ನು. ಚಿತ್ರದ ಜತೆಗೆ ಚಿತ್ರ ಬಿಡಿಸಿದ ಹೆಂಗಸನ್ನೂ, ಬಾಗಿಲಲ್ಲಿ ಇಣುಕುವ ಮಗುವನ್ನೂ ಅದೇ ಫ್ರೇಮಿನಲ್ಲಿ ಹಿಡಿದಿದ್ದಾರೆ.

ಶೆಟ್ಟರು ಒಂದೊಂದಾಗಿ ನೋಡುತ್ತ ಹೋದರು. ಒಂದರ ಮುಂದೆ ನಿಂತೇಬಿಟ್ಟರು.

"ಇದ್ರಲ್ಲೇನಮ್ಮಾ ವಿಶೇಷ? ನಿಮ್ಮಜ್ಜಿ ದಿನಾ ಬೆಳಗೆದ್ದು ಇದನ್ನೇ ಹಾಕ್ತಿದ್ಲಲ್ಲ!"

"ಅಜ್ಜಿ ಹಾಕಿದ್ದು ಒಂದಾದ್ರೂ ಉಳಿದಿದ್ಯಾ ಅಪ್ಪಾ?"

ಶೆಟ್ಟರ ಬಾಯಿ ಕಟ್ಟಿತು.

ರಾಜಸ್ಥಾನದ ಆ ಗೋಡೆಗಳನ್ನು ಹೆಂಗಸರು ಸಾರಿಸಿ, ದೀಪಾವಳಿಗೆ ಹೊಸದಾಗಿ ಬರೆಯುತ್ತಾರೆ. ಹಳೆಯದು ಹೋಗುತ್ತದೆ, ಹೊಸದು ಬರುತ್ತದೆ. ಬರೆಯುವ ಕೈ ಇರುವ ತನಕ ಅದಕ್ಕೇನೂ ಲುಕ್ಸಾನಿಲ್ಲ. ಆದರೆ ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಗೋಡೆ ಬಂದ ಕಡೆ ಬರೆಯುವ ಕೆಲಸವೇ ನಿಂತುಹೋಗುತ್ತದೆ. ಆಗ ಉಳಿಯುವುದು ಯಾರೋ ಒಬ್ಬ ಪುಣ್ಯಾತ್ಮ ತೆಗೆದ ಫೋಟೋ ಮಾತ್ರ. ಅದೂ ಯಾರಾದರೂ ಜೋಪಾನ ಮಾಡಿದ್ದರೆ!

ಬ್ರೋಮೈಡ್ ಪೇಪರಿಗೆ ಇಂಗ್ಲಿಷ್ ಹೆಸರು

ಮೇಷ್ಟ್ರದು ಬೇರೆಯೇ ನೋಟ. ಅವರು ಚಿತ್ರದಲ್ಲಿರುವುದನ್ನು ನೋಡುವ ಮುಂಚೆ ಪ್ರಿಂಟನ್ನು ನೋಡುತ್ತಿದ್ದರು. ಮೂಗು ಗಾಜಿಗೆ ತಾಗುವಷ್ಟು ಹತ್ತಿರ. "ಕಪ್ಪು ಚೆನ್ನಾಗಿ ಕೂತಿದೆ. ಬಿಳೀ ಸೀರೆಯಲ್ಲಿ ನೂಲು ಕಾಣ್ತಿದೆ ನೋಡಿ. ಇದು ಕೈಕೆಲಸ" ಎಂದು ತಮ್ಮಷ್ಟಕ್ಕೆ ಗೊಣಗಿಕೊಂಡರು. ಪಕ್ಕದ ಚೀಟಿಯಲ್ಲಿ 'ಜೆಲಾಟಿನ್ ಸಿಲ್ವರ್ ಪ್ರಿಂಟ್' ಎಂದು ಬರೆದಿತ್ತು.

"ಹಂಗಂದ್ರೆ ಏನ್ ಮಾಮ? ತುಂಬಾ ಕಾಸ್ಟ್ಲೀನಾ?" ಹುಡುಗಿ ಕೇಳಿದಳು.

ಮೇಷ್ಟ್ರು ನಕ್ಕರು. "ಏನೂ ಇಲ್ಲಮ್ಮಾ. ನಮ್ಮ ಬ್ರೋಮೈಡ್ ಪೇಪರ್ ಪ್ರಿಂಟಿಗೆ ಇವರಿಟ್ಟಿರೋ ದೊಡ್ಡ ಹೆಸರು. ನಲವತ್ತು ವರ್ಷ ನಾನು ಮಾಡಿದ್ದೂ ಇದನ್ನೇ. ನಿಮ್ಮಪ್ಪನ ಮದುವೆ ಆಲ್ಬಂ ಪೂರ್ತಿ ಜೆಲಾಟಿನ್ ಸಿಲ್ವರ್ರೇ!"

ಮೇಷ್ಟ್ರು ನಗುತ್ತಲೇ ಹೇಳಿದ್ದು. ಆದರೂ ಮಾತು ಮುಗಿದ ಮೇಲೆ ಅವರ ಕೈ ಶರ್ಟಿನ ಜೇಬಿನ ಮೇಲೆ ಹೋಯಿತು. ಗೋಡೆಯ ಮೇಲೆ ಫ್ರೇಮು ಹಾಕಿ, ಲೈಟು ಬಿಟ್ಟು, ಕಾವಲಿಟ್ಟಿರುವುದೂ ಬೆಳ್ಳಿಯೇ. ಜೇಬಿನಲ್ಲಿ ತೂಕಕ್ಕೆ ಹೊರಟಿರುವುದೂ ಬೆಳ್ಳಿಯೇ.

ಪರದೆ, ಟೆಲಿಫೋನು ಮತ್ತು ಕಳ್ಳಿಯ ಫೋಟೋ

ಹೊರಗೆ ಬಂದು ಕಾಫಿ ಕುಡಿಯುವಾಗ ಹುಡುಗಿ ಕಾಲೇಜಿನಲ್ಲಿ ಕೇಳಿದ ಪಾಠ ಒಪ್ಪಿಸಿದಳು. ಜ್ಯೋತಿ ಭಟ್ ಇದ್ದ ಬರೋಡಾದ ಅದೇ ಕಲಾ ಶಾಲೆಯಲ್ಲಿ ಶಿಲ್ಪ ಕಲಿತ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರ ವಿಷಯ. ಈಕೆ ಫೋಟೋ ತೆಗೆಯುವುದಕ್ಕಿಂತ ಹೆಚ್ಚಾಗಿ ಫೋಟೋದಲ್ಲಿ ತಾವೇ ವೇಷ ಹಾಕಿ ನಿಲ್ಲುತ್ತಾರೆ. 2000ರಿಂದ 2004ರವರೆಗೆ, ಬೆಂಗಳೂರಿನಲ್ಲಿ ನೆಲೆಸಿದ್ದ ಫೋಟೋಗ್ರಾಫರ್ ಕ್ಲೇರ್ ಆರ್ನಿ ಜತೆ ಸೇರಿ ದಕ್ಷಿಣ ಭಾರತದ 'ನೇಟಿವ್' ಹೆಂಗಸರು ಎಂಬ ಸರಣಿ ಮಾಡಿದರು. ಅಂಗಡಿ ಕ್ಯಾಲೆಂಡರಿನಲ್ಲಿ ಕಾಣುವ ರವಿವರ್ಮನ ಲಕ್ಷ್ಮಿ, ಕನ್ನಡ ಸಿನಿಮಾದ ಸ್ಟಿಲ್ಲಿನ ನಾಯಕಿ, ಪೇಪರಿನಲ್ಲಿ ಬಂದ ಕಳ್ಳಿಯರ ಪೊಲೀಸ್ ಫೋಟೋ, ಬ್ರಿಟಿಷರು ಅಳತೆಪಟ್ಟಿ ಇಟ್ಟು ತೆಗೆಸುತ್ತಿದ್ದ ತೋಡ ಹೆಂಗಸಿನ ಫೋಟೋ... ಎಲ್ಲವನ್ನೂ ಪರದೆ, ಸೆಟ್ಟು, ಒಡವೆ ಸಮೇತ ಮತ್ತೆ ಕಟ್ಟಿ, ಅದರೊಳಗೆ ತಾವು ನಿಂತರು.

"ಯಾಕಂತೆ ಇಷ್ಟೆಲ್ಲ ತಾಪತ್ರಯ?" ಶೆಟ್ಟರ ಪ್ರಶ್ನೆ.

"ಕ್ಯಾಮರಾ ಯಾರ ಕೈಯಲ್ಲಿದ್ಯೋ ಅವರು ಹೇಳಿದಂಗೆ ನಾವು ಕಾಣ್ತೀವಿ ಅಂತ ತೋರ್ಸೋಕೆ ಅಪ್ಪಾ. ಲಕ್ಷ್ಮಿ ಹಂಗೆ ನಿಲ್ಸಿದ್ರೆ ಕೈ ಮುಗೀತೀವಿ. ಸ್ಲೇಟು ಹಿಡಿಸಿ ನಿಲ್ಸಿದ್ರೆ ಅದೇ ಹೆಂಗಸು ಕಳ್ಳಿ."

ಮೇಷ್ಟ್ರಿಗೆ ಇದು ತಕ್ಷಣ ಅರ್ಥವಾಯಿತು. ಅವರ ಸ್ಟುಡಿಯೋದಲ್ಲೂ ಒಂದು ಪರದೆಯಿತ್ತು. ಅರಮನೆ ಮೆಟ್ಟಿಲು, ಕೊಳ, ಕೊಳದಲ್ಲಿ ಎರಡು ಹಂಸ. ಮುಂದೆ ವೈರಿಲ್ಲದ ಟೆಲಿಫೋನು, ಪ್ಲಾಸ್ಟಿಕ್ ಗುಲಾಬಿ. ಬೀಡಿ ಕಟ್ಟುವ ಹೆಂಗಸು ಬಂದರೂ ಅದೇ ಅರಮನೆ, ಮಂಡಿ ಸಾಹುಕಾರರು ಬಂದರೂ ಅದೇ ಅರಮನೆ. ಕೋಟು ಇಲ್ಲದವರಿಗೆ ಸ್ಟುಡಿಯೋದ್ದೇ ಕೋಟು. ಐದು ನಿಮಿಷ ಎಲ್ಲರೂ ದೊರೆಗಳೇ! "ನಾನು ಯಾರನ್ನೂ ಕಳ್ಳರ ಹಂಗೆ ನಿಲ್ಸಿಲ್ಲಮ್ಮಾ. ಬಸ್ ಪಾಸಿನ ಫೋಟೋ ಬಿಟ್ರೆ..." ಎಂದರು. ಮೂವರೂ ನಕ್ಕರು. ಬಸ್ ಪಾಸಿನ ಫೋಟೋದಲ್ಲಿ ಚೆನ್ನಾಗಿ ಕಂಡವರನ್ನು ಯಾರೂ ಕಂಡಿಲ್ಲವಲ್ಲ!

ಕ್ಯಾಮರಾ ಹಿಡಿಯುವುದಕ್ಕೆ ದೊಡ್ಡ ಮನೆಯಲ್ಲೇ ಹುಟ್ಟಬೇಕು ಎಂದೇನೂ ಇಲ್ಲ. ರಾಮನಗರ ಕಡೆಯಿಂದ ಬಂದು ಬೆಂಗಳೂರಿನಲ್ಲಿ ಪೊಲೀಸ್ ಪೇದೆಯಾಗಿದ್ದ ಶಿವರಾಜು ಎಂಬವರು 'ಕಾಪ್ ಶಿವ' ಎಂಬ ಹೆಸರಿನಲ್ಲೇ ಕಲಾ ಗ್ಯಾಲರಿಗಳಲ್ಲಿ ಹೆಸರು ಮಾಡಿದರು. ಮೈಗೆಲ್ಲ ಬೆಳ್ಳಿ ಬಣ್ಣ ಬಳಿದುಕೊಂಡು ಗಾಂಧಿ ವೇಷದಲ್ಲಿ ಊರೂರು ನಿಲ್ಲುವ ಕಡೂರು ಕಡೆಯ ಹಳ್ಳಿ ಮೇಷ್ಟ್ರೊಬ್ಬರನ್ನು ಹಿಂಬಾಲಿಸಿ ಅವರು ತೆಗೆದ ಫೋಟೋ ಸರಣಿ ಪ್ರಸಿದ್ಧವಾಗಿದೆ. ಬಸ್ ಸ್ಟ್ಯಾಂಡಿನಲ್ಲಿ ನಾವು ನೋಡಿಯೂ ನೋಡದಂತೆ ಹೋಗುವ ವೇಷಧಾರಿಯನ್ನು ಒಬ್ಬ ಪೇದೆ ನಿಂತು ನೋಡಿದ, ಅಷ್ಟೇ ವ್ಯತ್ಯಾಸ.

ನಾಗ್ದಾದ ಸ್ಟುಡಿಯೋ

ಇನ್ನೊಂದು ಸಂಗತಿ ಕೇಳಿ ಮೇಷ್ಟ್ರ ಕಾಫಿ ಲೋಟ ಕೈಯಲ್ಲೇ ನಿಂತಿತು.

ಮಧ್ಯಪ್ರದೇಶದ ಉಜ್ಜಯಿನಿ ಜಿಲ್ಲೆಯಲ್ಲಿ ನಾಗ್ದಾ ಅಂತ ಫ್ಯಾಕ್ಟರಿ ಊರೊಂದಿದೆ. ಅಲ್ಲಿ ಸುರೇಶ್ ಪಂಜಾಬಿ ಎಂಬವರದು 'ಸ್ಟುಡಿಯೋ ಸುಹಾಗ್'. ಪಾಸ್‌ಪೋರ್ಟ್ ಸೈಜು, ಮದುವೆ, ಗೆಳೆಯರ ಜೋಡಿ ಫೋಟೋ. ಯಾವ ಊರಿನ ಸ್ಟುಡಿಯೋದಲ್ಲೂ ನಡೆಯುವ ಕೆಲಸವೇ. ಲಂಡನ್ನಿನ ಮಾನವಶಾಸ್ತ್ರದ ಪ್ರೊಫೆಸರ್ ಕ್ರಿಸ್ಟೋಫರ್ ಪಿನ್ನಿ 1980ರ ದಶಕದಿಂದ ಆ ಊರಿಗೆ ಹೋಗಿಬರುತ್ತಿದ್ದರು. ಪಂಜಾಬಿಯವರ ಹಳೇ ನೆಗೆಟಿವ್‌ಗಳ ಬೆಲೆ ಅವರಿಗೆ ತಿಳಿಯಿತು. 2013ರಲ್ಲಿ ಚೆನ್ನೈನ ತಾರಾ ಬುಕ್ಸ್‌ನವರು ಆ ಫೋಟೋಗಳ ಪುಸ್ತಕವನ್ನೇ ತಂದರು. ನಾಗ್ದಾದ ಸೈಕಲ್ ಶಾಪಿನವನು, ಕೂಲಿಯವನು, ಹೊಸದಾಗಿ ಮದುವೆಯಾದವರು ಇವತ್ತು ದೇಶ ವಿದೇಶದವರು ತಿರುವಿ ನೋಡುವ ಪುಸ್ತಕದಲ್ಲಿದ್ದಾರೆ.

ಆ ನೆಗೆಟಿವ್‌ಗಳೇನು ಬಂಗಾರದವೇ? ಅಲ್ಲ. ಮಂಡಿಪೇಟೆ ಅಟ್ಟದ ಮೇಲಿರುವಂಥವೇ. ಅಲ್ಲಿಯವು ಉಳಿದವು, ಯಾರೋ ಒಬ್ಬರು ಬಂದು ಬೆಳಕಿಗೆ ಹಿಡಿದು ಮುಖ ನೋಡಿದರು. ನಗರ್ತಪೇಟೆಯವನ ಹಾಗೆ ಕಪ್ಪು ನೋಡಲಿಲ್ಲ.

ಸಂಜೆ ಬಸ್ಸಿನಲ್ಲಿ ಇಬ್ಬರೂ ಹೆಚ್ಚು ಮಾತಾಡಲಿಲ್ಲ. ನೆಲಮಂಗಲ ದಾಟಿದ ಮೇಲೆ ಶೆಟ್ಟರೇ ಕೇಳಿದರು:

"ಮೇಷ್ಟ್ರೇ, ನಮ್ಮಮ್ಮಂದು ಒಂದು ಫೋಟೋ ತೆಗೆದಿದ್ರಲ್ಲ ನೀವು? ಕುರ್ಚಿ ಮೇಲೆ ಕೂರ್ಸಿ?"

"ತೆಗೆದಿದ್ದೆ. ನಗಿ ಅಂದ್ರೂ ನಗ್ಲಿಲ್ಲ ಅವರು."

"ಮನೇಲಿದ್ದದ್ದು ಮಳೆ ನೀರು ಸೋರಿ ಹಾಳಾಯ್ತು. ಬೇರೆ ಫೋಟೋನೇ ಇಲ್ಲ. ತಿಥಿ ದಿನ ಬರೀ ಚೌಕಟ್ಟಿಗೆ ಹೂವ ಹಾಕಿದಂಗೆ ಆಗುತ್ತೆ." ಸ್ವಲ್ಪ ಹೊತ್ತು ಬಿಟ್ಟು ಅಂದರು, "ನೆಗೆಟಿವ್ ಇರಬಹುದಾ?"

ಮೇಷ್ಟ್ರು ಉತ್ತರ ಕೊಡಲಿಲ್ಲ. ತೂಕಕ್ಕೆ ಹಾಕಬೇಕೆಂದು ಕಟ್ಟಿದ್ದ ರಾಶಿಯಲ್ಲೇ ಅದಿದ್ದರೆ?

ಅಟ್ಟ ಇಳಿದ ಟ್ರಂಕು

ಮಾರನೇ ದಿನ ಟ್ರಂಕುಗಳು ಅಟ್ಟದಿಂದ ಇಳಿದವು. ಹಳೇ ರಿಜಿಸ್ಟರ್ ಸಿಕ್ಕಿತು. ಹೆಸರು ಸಿಕ್ಕಿತು, ನಂಬರು ಸಿಕ್ಕಿತು. ಆದರೆ ಟ್ರಂಕಿನೊಳಗಿನ ಪರಿಸ್ಥಿತಿ ಹೇಳುವಂತಿರಲಿಲ್ಲ. ತಳದಲ್ಲಿದ್ದ ಕಟ್ಟುಗಳು ತೇವಕ್ಕೆ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗಿದ್ದವು. ಕೆಲವದರಿಂದ ಹುಳಿ ವಾಸನೆ. ಅದು ಫಿಲ್ಮೇ ಕೊಳೆಯುತ್ತಿರುವ ಗುರುತು. ನೂರಾರು ಮುಖಗಳು ಆಗಲೇ ಹೋಗಿದ್ದವು. ಯಾರದು ಅಂತ ಕವರಿನ ಮೇಲೆ ಹೆಸರಿದೆ, ಒಳಗೆ ಬೂಷ್ಟು.

ಶೆಟ್ಟರ ತಾಯಿಯ ಕವರು ಮೂರನೇ ದಿನ ಸಿಕ್ಕಿತು. ಮೂಲೆಗೆ ಬೂಷ್ಟು ಹಿಡಿದಿದೆ, ಸೆರಗಿನ ಕಡೆ ಎರಡು ಕಲೆ. ಮುಖಕ್ಕೆ ಏನೂ ಆಗಿಲ್ಲ. ಮೇಷ್ಟ್ರು ಕಿಟಕಿಗೆ ಹಿಡಿದು ತೋರಿಸಿದರು. ನೆಗೆಟಿವ್‌ನಲ್ಲಿ ಕಪ್ಪು ಕೂದಲು ಬೆಳ್ಳಗೆ, ಬಿಳಿ ಸೀರೆ ಕಪ್ಪಗೆ. ಆದರೂ ಶೆಟ್ಟರಿಗೆ ಗುರುತು ಹತ್ತಿತು. ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಂಡು, "ಒಂದು ಪ್ರಿಂಟ್ ಹಾಕಿಕೊಡಿ ಮೇಷ್ಟ್ರೇ, ಎಷ್ಟಾಗುತ್ತೆ?" ಎಂದರು.

"ಆ ಕಾಲದಲ್ಲೇ ದುಡ್ಡು ಕೊಟ್ಟಿದ್ದೀರಿ" ಎಂದರು ಮೇಷ್ಟ್ರು.

ಮೇಷ್ಟ್ರು ಹೇಳಿದ್ದರಲ್ಲಿ ಕಾನೂನೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕುದಾರ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡ ಗಿರಾಕಿಯೇ. ನೆಗೆಟಿವ್ ಸ್ಟುಡಿಯೋದಲ್ಲಿರಬಹುದು, ಹಕ್ಕು ಮನೆಯವರದು. ಆದ್ದರಿಂದ ಹಳೇ ಫೋಟೋ ಸಿಕ್ಕಿತೆಂದು ಎಲ್ಲೆಂದರಲ್ಲಿ ತೂಗುಹಾಕುವಂತೆಯೂ ಇಲ್ಲ. ಮನೆಯವರನ್ನು ಕೇಳಬೇಕು. ಅದು ಕಾನೂನಿಗಿಂತ ಮೊದಲು ಮರ್ಯಾದೆ.

ಹಳೇ ನೆಗೆಟಿವ್ ಇಟ್ಟುಕೊಂಡಿರುವ ಅಂಗಡಿಯವರೂ ಮನೆಯವರೂ ಕೆಲವು ಮಾತು ಗಮನಿಸಬೇಕು. ನೆಗೆಟಿವ್‌ನ ಅಂಚು ಮಾತ್ರ ಹಿಡಿಯಬೇಕು, ನಡುವೆ ಬೆರಳು ತಾಗಿಸಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಲೇಬಾರದು. ಅಂಟಿಕೊಂಡದ್ದನ್ನು ಎಳೆದು ಬಿಡಿಸಬಾರದು, ತಿಳಿದವರಿಗೆ ತೋರಿಸಬೇಕು. ಪ್ಲಾಸ್ಟಿಕ್ ಕವರಿಗಿಂತ ಕಾಗದದ ಕವರು ವಾಸಿ. ಅಟ್ಟದ ಬಿಸಿಯೂ ಬೇಡ, ನೆಲದ ತೇವವೂ ಬೇಡ. ನೆರಳಿರುವ, ಗಾಳಿಯಾಡುವ ಒಣ ಬೀರು ಸಾಕು. ಹುಳಿ ವಾಸನೆ ಬರುವುದನ್ನು ಬೇರೆ ಇಡಬೇಕು. ಬಿಳೀ ಬೆಳಕಿನ ಹಲಗೆ ಮೇಲಿಟ್ಟು ಮೊಬೈಲಿನಲ್ಲೇ ಫೋಟೋ ತೆಗೆದು, ಬಣ್ಣ ತಿರುಗುಮುರುಗು ಮಾಡಿದರೆ ಮುಖ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯ, ಹೆಸರು ಬರೆದ ಕವರನ್ನು ಎಸೆಯಬಾರದು. ಹೆಸರು ಹೋದರೆ ಮುಖ ಅರ್ಧ ಹೋದ ಹಾಗೆ.

ಮಂಡಿಪೇಟೆಯ ಆ ಟ್ರಂಕುಗಳು ಈಗ ಅಟ್ಟದ ಮೇಲಿಲ್ಲ. ಅಂಗಡಿಯ ಹಿಂದಿನ ಕೋಣೆಯ ಒಣ ಮೂಲೆಯಲ್ಲಿವೆ. ಉಳಿದದ್ದನ್ನು ಮೇಷ್ಟ್ರು ದಿನಕ್ಕೆ ಹತ್ತಿಪ್ಪತ್ತರಂತೆ ವಿಂಗಡಿಸುತ್ತಿದ್ದಾರೆ. ಶೆಟ್ಟರ ಮಗಳು ರಜಕ್ಕೆ ಬಂದಾಗ ಮೊಬೈಲಿನಲ್ಲಿ ಇಳಿಸಿಕೊಡುತ್ತಾಳೆ. ಇವು ಎಂದಾದರೂ ಕಸ್ತೂರಬಾ ರಸ್ತೆಯ ಗೋಡೆ ಹತ್ತುತ್ತವೆಯೋ ಇಲ್ಲವೋ, ಶೆಟ್ಟರ ಮನೆಯ ಗೋಡೆಯಂತೂ ಹತ್ತಿವೆ.

ಇನ್ನು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ಬಸ್ಸಿಗೆ ಎರಡು ಗಂಟೆ ಮಿಕ್ಕವರು ಮೆಜೆಸ್ಟಿಕ್‌ನಲ್ಲೇ ಕೂತು ಕಾಲ ಕಳೆಯಬೇಕಾಗಿಲ್ಲ. ಗ್ಯಾಲರಿ ಬಾಗಿಲಲ್ಲಿ ಯಾರೂ ಇಂಗ್ಲಿಷ್ ಪರೀಕ್ಷೆ ಮಾಡುವುದಿಲ್ಲ. ಒಳಗೆ ಹೋದರೆ ಕಾಣುವುದು ರಂಗೋಲಿ, ಗೋಡೆ, ಹೆಂಗಸರು, ಮಕ್ಕಳು. ಎಲ್ಲ ಗೊತ್ತಿರುವವರೇ.

ಬಂದ ಮೇಲೆ ಮನೆಯ ಟ್ರಂಕನ್ನೂ ಒಮ್ಮೆ ತೆಗೆದು ನೋಡುವುದು ಒಳ್ಳೆಯದು. ಗುಜರಿಯವನು ಬರುವ ಮುಂಚೆ!